ದುಡಿಮೆಯೂ ಗಳಿಕೆಯೂ: ತಂತ್ರಾಂಶದ ಕೆಲಸವನ್ನು ಅಳೆಯುವ ಬಗೆ

ಭೌತವಿಜ್ಞಾನದ ಮೊದಲ ಪಾಠಗಳಲ್ಲಿಯೇ ವಿದ್ಯಾರ್ಥಿಗಳು ಒಂದು ವಿಚಿತ್ರವಾದ ಮಾತನ್ನು ಕೇಳುತ್ತಾರೆ. ಒಬ್ಬ ಬಲಶಾಲಿಯು ಬಂಡೆಗಲ್ಲೊಂದಕ್ಕೆ ಹೆಗಲು ಕೊಟ್ಟು ಬೆಳಗಿನಿಂದ ಬೈಗಿನವರೆಗೆ ನೂಕಿದನೆನ್ನೋಣ. ಮೈಯೆಲ್ಲ ಬೆವರಿತು, ಉಂಡ ಅನ್ನ ಕರಗಿತು. ಬಂಡೆ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಹಾಗಾದರೆ ಅವನು ಬಂಡೆಯ ಮೇಲೆ ಮಾಡಿದ ಕೆಲಸ ಸೊನ್ನೆ ಎಂದು ಶಾಸ್ತ್ರವು ನಿಷ್ಠುರವಾಗಿ ಹೇಳುತ್ತದೆ. ಶ್ರಮ ಬೇರೆ, ಕೆಲಸ ಬೇರೆ, ಸ್ಥಾನಾಂತರವಿಲ್ಲದೆ ಕೆಲಸವಿಲ್ಲ.

ಈ ಭೇದವು ಭೌತವಿಜ್ಞಾನದ ಪುಸ್ತಕದೊಳಗೆ ಮಾತ್ರ ಉಳಿಯತಕ್ಕದ್ದಲ್ಲ. ಸೇತುವೆ, ಅಣೆಕಟ್ಟು, ಶಾಲೆಯ ಕಟ್ಟಡ ಮೊದಲಾದ ಯಾವ ದೊಡ್ಡ ಕಾರ್ಯವನ್ನು ಕೈಗೊಂಡರೂ ನಡುದಾರಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದುವರೆಗೆ ಎಷ್ಟು ಕೆಲಸವಾಯಿತು? ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ, 'ಅರ್ಧ ಹಣ ಮುಗಿದಿದೆ' ಎಂದೋ, 'ಅರ್ಧ ಕಾಲ ಕಳೆದಿದೆ' ಎಂದೋ ಇರುತ್ತದೆ. ಇವೆರಡೂ ಶ್ರಮದ ಲೆಕ್ಕಗಳೇ ಹೊರತು ಕೆಲಸದ ಲೆಕ್ಕವಲ್ಲ. ಕಂಪ್ಯೂಟರಿನ ತಂತ್ರಾಂಶವನ್ನು ಬರೆಯುವ ಕಾರ್ಯದಲ್ಲಿಯಂತೂ ಈ ಗೊಂದಲ ಇನ್ನೂ ಹೆಚ್ಚು. ಸೇತುವೆಯ ಕಂಬವನ್ನು ದಾರಿಹೋಕನೂ ಎಣಿಸಬಲ್ಲನು. ತಂತ್ರಾಂಶವು ಕಣ್ಣಿಗೆ ಕಾಣುವ ವಸ್ತುವಲ್ಲ. ಹೀಗಿರುವಲ್ಲಿ ಅದನ್ನು ಅಳೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಅಡಿಕೆ ಕೊಯ್ಲಿನ ಲೆಕ್ಕ

ಮೊದಲು ಕಣ್ಣಿಗೆ ಕಾಣುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನ ಓದುಗರಿಗೆ ಅಡಿಕೆಯ ಕೊಯ್ಲನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಕೊನೆಯನ್ನು ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಹರಡಿ ಒಣಗಿಸಬೇಕು. ಈ ನಾಲ್ಕೂ ಮುಗಿದಾಗ ಮಾತ್ರ ಅಡಿಕೆಯು ಮೂಟೆಯನ್ನು ಸೇರುತ್ತದೆ.

ಒಂದು ತೋಟದ ಕೊಯ್ಲನ್ನು 20 ದಿನಗಳಲ್ಲಿ 1,00,000 ರೂಪಾಯಿ ವೆಚ್ಚದಲ್ಲಿ ಮುಗಿಸುವುದೆಂದು ಯಜಮಾನನು ಅಂದಾಜು ಮಾಡಿದ್ದಾನೆ. ಕೆಲಸವು ದಿನದಿನವೂ ಸಮನಾಗಿ ಸಾಗತಕ್ಕದ್ದೆಂದು ಇಟ್ಟುಕೊಳ್ಳೋಣ. 10ನೆಯ ದಿನದ ಸಂಜೆ ಅವನು ಲೆಕ್ಕಕ್ಕೆ ಕೂತರೆ ಮೂರು ಸಂಖ್ಯೆಗಳು ಅವನ ಮುಂದೆ ಬರುತ್ತವೆ.

ಮೊದಲನೆಯದು, ಅಂದಾಜಿನ ಪ್ರಕಾರ ಇಂದಿಗೆ ಮುಗಿದಿರಬೇಕಾಗಿದ್ದ ಕೆಲಸದ ಬೆಲೆ. ಅರ್ಧ ಕಾಲಕ್ಕೆ ಅರ್ಧ ಕೆಲಸ. ಅಂದರೆ 50,000 ರೂಪಾಯಿ. ಇದನ್ನು ಯೋಜಿತ ಮೌಲ್ಯವೆಂದು ಕರೆಯೋಣ.

ಎರಡನೆಯದು, ಕೂಲಿ, ಸೌದೆ, ಊಟೋಪಚಾರಗಳಿಗಾಗಿ ಕೈಯಿಂದ ಹೋದ ಹಣ. ಅದು 60,000 ರೂಪಾಯಿ ಆಗಿದೆಯೆನ್ನೋಣ. ಇದು ನೈಜ ವೆಚ್ಚ.

ಮೂರನೆಯದೇ ನಮ್ಮ ಕಥಾನಾಯಕ. ಒಣಗಿ ಮೂಟೆಯಾಗಿರುವ ಅಡಿಕೆಯು ಒಟ್ಟು ಫಸಲಿನ ನೂರಕ್ಕೆ 40 ಪಾಲು ಎಂದಿಟ್ಟುಕೊಂಡರೆ, ಮೂಲ ಅಂದಾಜಿನ ದರದಲ್ಲಿ ಅದರ ಬೆಲೆ 40,000 ರೂಪಾಯಿ. ಇದನ್ನು ಆರ್ಜಿತ ಮೌಲ್ಯವೆನ್ನುತ್ತಾರೆ. ಇಂಗ್ಲಿಷಿನ 'ಅರ್ನ್ಡ್ ವ್ಯಾಲ್ಯೂ' ಎಂಬ ಮಾತಿನ ಅರ್ಥ ಇದೇ. ಇದು ಮಾರುಕಟ್ಟೆಯ ಬೆಲೆಯಲ್ಲವೆಂಬುದನ್ನು ಗಮನಿಸಬೇಕು. ಮುಗಿದ ಕೆಲಸಕ್ಕೆ ಎಷ್ಟು ಖರ್ಚಾಗಬೇಕೆಂದು ನಾವೇ ಮೊದಲು ಒಪ್ಪಿದ್ದೆವೋ ಅಷ್ಟು ಮಾತ್ರ.

ಈಗ ಎರಡು ಭಾಗಾಕಾರಗಳನ್ನು ಮಾಡಿದರೆ ಸಾಕು. ಆರ್ಜಿತ ಮೌಲ್ಯವನ್ನು ನೈಜ ವೆಚ್ಚದಿಂದ ಭಾಗಿಸಿದರೆ 40,000 ÷ 60,000, ಅಂದರೆ ಸುಮಾರು 0.67 ಬರುತ್ತದೆ. ಇದು ವೆಚ್ಚದ ಸೂಚ್ಯಂಕ. ಖರ್ಚಾದ ಪ್ರತಿಯೊಂದು ರೂಪಾಯಿಗೆ 67 ಪೈಸೆಯಷ್ಟೇ ಕೆಲಸ ಕೈಗೆ ಬಂದಿದೆಯೆಂದು ಇದರ ತಾತ್ಪರ್ಯ. ಆರ್ಜಿತ ಮೌಲ್ಯವನ್ನು ಯೋಜಿತ ಮೌಲ್ಯದಿಂದ ಭಾಗಿಸಿದರೆ 40,000 ÷ 50,000, ಅಂದರೆ 0.8. ಇದು ಕಾಲದ ಸೂಚ್ಯಂಕ. ಎರಡು ಅಂಕಗಳೂ 1ಕ್ಕಿಂತ ಕಡಿಮೆ ಇರುವುದರಿಂದ ಕೊಯ್ಲು ದುಬಾರಿಯೂ ಆಗಿದೆ, ಹಿಂದೆಯೂ ಬಿದ್ದಿದೆ. ಇದೇ ಹದದಲ್ಲಿ ಮುಂದುವರಿದರೆ ಒಟ್ಟು ವೆಚ್ಚವು 1,00,000ವನ್ನು ಮೂರರಲ್ಲಿ ಎರಡರಿಂದ ಭಾಗಿಸಿದಷ್ಟು, ಎಂದರೆ 1,50,000 ರೂಪಾಯಿ ಆದೀತು. ಕಾಲವು 20ನ್ನು 0.8ರಿಂದ ಭಾಗಿಸಿದಷ್ಟು, ಎಂದರೆ 25 ದಿನ ಹಿಡಿದೀತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸುಲಿದಿಟ್ಟ ಅಡಿಕೆ, ಹಂಡೆಯಲ್ಲಿ ಬೇಯುತ್ತಿರುವ ಅಡಿಕೆ, ಅಟ್ಟದ ಮೇಲೆ ಇನ್ನೂ ಹಸಿಯಾಗಿರುವ ಅಡಿಕೆ, ಇವುಗಳನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅವುಗಳಿಗೂ ಕೂಲಿ ಸಂದಾಯವಾಗಿದೆಯಷ್ಟೆ; ಸ್ವಲ್ಪವಾದರೂ ಬೆಲೆ ಕಟ್ಟಬೇಡವೇ ಎಂದು ಕೇಳಬಹುದು. ಆದರೆ ಸುಲಿದ ಅಡಿಕೆಯನ್ನು ಬೇಯಿಸದೆ ಬಿಟ್ಟರೆ ಅದು ಕೆಟ್ಟುಹೋಗುತ್ತದೆ. ಒಣಗುವ ಮೊದಲೇ ಮಳೆ ಹಿಡಿದರೆ ಬೂಸುರು ಬರುತ್ತದೆ. ಅರೆ ಮುಗಿದುದು ಮುಗಿದುದರ ಅರ್ಧವಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದೇ ನಮಗೆ ಕೀಲಿಕೈಯಾಗುವುದು.

ವಿಧಾನದ ಹುಟ್ಟು

ಈ ವಿಚಾರವು ದೊಡ್ಡ ಕಾರ್ಖಾನೆಗಳ ಲೆಕ್ಕಪತ್ರಗಳಲ್ಲಿ ಹುಟ್ಟಿ ಸೇನಾ ಯೋಜನೆಗಳಲ್ಲಿ ಬೆಳೆಯಿತು. 1958ರಲ್ಲಿ ಅಮೆರಿಕದ ನೌಕಾಪಡೆಯು ಪೋಲಾರಿಸ್ ಕ್ಷಿಪಣಿಯ ಕಾರ್ಯಕ್ಕಾಗಿ 'ಪರ್ಟ್' ಎಂಬ ಜಾಲನಕ್ಷೆಯ ಕ್ರಮವನ್ನು ಬಳಕೆಗೆ ತಂದಿತು. ಯಾವ ಕೆಲಸ ಮುಗಿಯದೆ ಯಾವುದು ಆರಂಭವಾಗಲಾರದು ಎಂಬುದನ್ನು ಅದು ತೋರಿಸುತ್ತಿತ್ತು. 1962ರಲ್ಲಿ ಆ ನಕ್ಷೆಯೊಂದಿಗೆ ವೆಚ್ಚವನ್ನೂ ಹೊಂದಿಸಿದರು. 1967ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯು ಗುತ್ತಿಗೆದಾರರ ಲೆಕ್ಕಪದ್ಧತಿಯು ಹೇಗಿರಬೇಕೆಂಬುದಕ್ಕೆ 35 ನಿಯಮಗಳನ್ನು ವಿಧಿಸಿತು. ಆರ್ಜಿತ ಮೌಲ್ಯದ ಲೆಕ್ಕವು ಆ ನಿಯಮಗಳ ನಡುಗಂಬವಾಗಿತ್ತು. 1998ರಲ್ಲಿ ಅವು ಪರಿಷ್ಕೃತವಾಗಿ 32 ಸೂತ್ರಗಳ ಒಂದು ರಾಷ್ಟ್ರೀಯ ಮಾನಕದ ರೂಪವನ್ನು ತಳೆದವು.

ಈ ವಿಧಾನದ ಬೇಡಿಕೆ ಒಂದೇ: ಕೆಲಸ ಆರಂಭವಾಗುವ ಮೊದಲೇ ಏನು ಮಾಡಬೇಕು, ಯಾವಾಗ ಮಾಡಬೇಕು, ಎಷ್ಟು ಖರ್ಚಿನಲ್ಲಿ ಮಾಡಬೇಕು ಎಂಬ ಮೂರನ್ನೂ ಬರೆದಿಡಬೇಕು. ಹೀಗೆ ಬರೆದಿಟ್ಟುದಕ್ಕೆ ಆಧಾರ ರೇಖೆಯೆಂದು ಹೆಸರು. ಅಳತೆಗೋಲು ನೆಟ್ಟಗಿದ್ದರೆ ತಾನೆ ವಸ್ತುವಿನ ಡೊಂಕು ತಿಳಿಯುವುದು!

ಚುರುಕು ಪದ್ಧತಿ

ತಂತ್ರಾಂಶವನ್ನು ಬರೆಯುವವರಿಗೆ ತೊಡಕಾದುದು ಈ ಬೇಡಿಕೆಯೇ. ಅಡಿಕೆಯ ತೋಟದಲ್ಲಿ ಎಷ್ಟು ಮರಗಳಿವೆಯೆಂಬುದು ಮೊದಲೇ ಗೊತ್ತು. ಆದರೆ ತಂತ್ರಾಂಶವನ್ನು ಬೇಡುವವನಿಗೆ ತನಗೆ ಬೇಕಾದುದೇನೆಂಬುದು, ಅದರ ಒಂದು ತುಣುಕನ್ನು ಬಳಸಿ ನೋಡುವವರೆಗೆ, ಪೂರ್ತಿಯಾಗಿ ತಿಳಿದಿರುವುದಿಲ್ಲ. ಎರಡು ವರ್ಷಗಳ ನಕ್ಷೆಯನ್ನು ಮೊದಲೇ ಕೊರೆದಿಟ್ಟು ಅದರಂತೆಯೇ ನಡೆದರೆ, ಎರಡು ವರ್ಷಗಳ ತರುವಾಯ ಯಾರಿಗೂ ಬೇಡವಾದ ವಸ್ತುವು ಕೈಗೆ ಬರಬಹುದು.

ಆದುದರಿಂದ ಕೆಲವರು ಬೇರೊಂದು ದಾರಿಯನ್ನು ಹಿಡಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿ ಒಂದು ಘೋಷಣೆಯನ್ನು ಹೊರಡಿಸಿದರು. ಅಲ್ಲಿಂದ ಈ ದಾರಿಗೆ 'ಅಜೈಲ್' ಎಂಬ ಹೆಸರು ನಿಂತಿತು. ನಾವು ಚುರುಕು ಪದ್ಧತಿಯೆನ್ನಬಹುದು. ದೊಡ್ಡ ಕೆಲಸವನ್ನು ಒಂದೇ ಬಾರಿಗೆ ಮುಗಿಸಿ ಕೊಡದೆ, ಎರಡು ಮೂರು ವಾರಗಳ ಪುಟ್ಟ ಸುತ್ತುಗಳಾಗಿ ಒಡೆಯಬೇಕು. ಪ್ರತಿಯೊಂದು ಸುತ್ತಿನ ಕೊನೆಯಲ್ಲಿಯೂ ನಿಜವಾಗಿ ನಡೆಯುವ ಒಂದು ತುಣುಕನ್ನು ಬಳಕೆದಾರನ ಮುಂದೆ ಇಡಬೇಕು. ಅವನ ಮಾತನ್ನು ಕೇಳಿ ಮುಂದಿನ ಸುತ್ತನ್ನು ತಿದ್ದಿಕೊಳ್ಳಬೇಕು. ಈ ಸುತ್ತಿಗೆ ಅವರಲ್ಲಿ 'ಸ್ಪ್ರಿಂಟ್' ಎಂದು ಹೆಸರು. ತುಣುಕುಗಳ ಗಾತ್ರವನ್ನು ಒಂದಕ್ಕೊಂದು ಹೋಲಿಸಿ 'ಸ್ಟೋರಿ ಪಾಯಿಂಟ್' ಎಂಬ ಅಂಕಗಳನ್ನು ಕೊಡುತ್ತಾರೆ. ಸುಲಭವಾದುದಕ್ಕೆ 1 ಅಥವಾ 2, ಕಠಿಣವಾದುದಕ್ಕೆ 8 ಅಥವಾ 13, ಹೀಗೆ.

ಮೇಲುನೋಟಕ್ಕೆ ಇವೆರಡೂ ಎಣ್ಣೆ ಸೀಗೆಕಾಯಿಗಳಂತೆ ಕಾಣುತ್ತವೆ. ಆರ್ಜಿತ ಮೌಲ್ಯದ ವಿಧಾನವು ಯೋಜನೆಯನ್ನು ಕದಲಿಸಬೇಡಿರೆನ್ನುತ್ತದೆ. ಚುರುಕು ಪದ್ಧತಿಯು ಯೋಜನೆಯನ್ನು ಪದೇ ಪದೇ ತಿದ್ದಿರೆನ್ನುತ್ತದೆ. ಆದರೆ ಸರಕಾರದ ಹಣದಿಂದಲೋ ಸಂಘದ ಹಣದಿಂದಲೋ ನಡೆಯುವ ಕೆಲಸದಲ್ಲಿ ಹಣ ಕೊಟ್ಟವರಿಗೆ ಲೆಕ್ಕ ಬೇಕು, ಬಳಸುವವರಿಗೆ ಹೊಂದಿಕೊಳ್ಳುವ ವಸ್ತು ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಂತಿಲ್ಲ.

ಎರಡೂ ಕೂಡುವ ಜಾಗ

2006ರಲ್ಲಿ ತಮಾರಾ ಸುಲೈಮಾನ್, ಬ್ರೆಂಟ್ ಬಾರ್ಟನ್ ಮತ್ತು ಥಾಮಸ್ ಬ್ಲ್ಯಾಕ್‌ಬರ್ನ್ ಎಂಬ ಮೂವರು ಈ ಎರಡನ್ನೂ ಬೆಸೆಯುವ ಗಣಿತವನ್ನು ಪ್ರಕಟಿಸಿದರು. 2016ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ತನ್ನ ಅಧಿಕಾರಿಗಳಿಗಾಗಿ ಇದರ ಕೈಪಿಡಿಯನ್ನು ಸಿದ್ಧಪಡಿಸಿತು. ಇವುಗಳ ಹಿಂದಿರುವ ವಿಚಾರವು ಸರಳವಾದುದು. ಕೆಲಸವನ್ನು ಎರಡು ಸ್ತರಗಳಲ್ಲಿ ನೋಡಬೇಕು. ಮೇಲಿನ ಸ್ತರದಲ್ಲಿ ತಂತ್ರಾಂಶವು ಮಾಡಬೇಕಾದ ಮುಖ್ಯ ಕಾರ್ಯಗಳಿರುತ್ತವೆ, ಇವುಗಳನ್ನು ಅಂಗಗಳೆನ್ನೋಣ. ಕೆಳಗಿನ ಸ್ತರದಲ್ಲಿ ಆ ಅಂಗಗಳನ್ನು ಪೂರ್ತಿಗೊಳಿಸುವ ಪುಟ್ಟ ತುಣುಕುಗಳಿರುತ್ತವೆ. ಆಧಾರ ರೇಖೆಯನ್ನು ಅಂಗಗಳ ಸ್ತರದಲ್ಲಿ ಭದ್ರವಾಗಿ ನಿಲ್ಲಿಸುವುದು. ತುಣುಕುಗಳು ಸುತ್ತಿನಿಂದ ಸುತ್ತಿಗೆ ಹಿಂದುಮುಂದಾಗಲು ಅವಕಾಶ ಕೊಡುವುದು. ಮನೆಯ ಅಡಿಪಾಯ ಕದಲುವುದಿಲ್ಲ. ಒಳಗಿನ ಸಾಮಾನುಗಳನ್ನು ಬೇಕಾದಂತೆ ಸರಿಸಿಕೊಳ್ಳಬಹುದು.

ಕೂಡುವ ಇನ್ನೊಂದು ಜಾಗವೂ ಇದೆ, ಅದೇ ಮುಖ್ಯವಾದುದು. ನಡೆಯುವ ತಂತ್ರಾಂಶವನ್ನೇ ಪ್ರಗತಿಯ ಅಳತೆಯಾಗಿ ಹಿಡಿಯಬೇಕೆಂಬುದು ಚುರುಕು ಪದ್ಧತಿಯವರ ಒಂದು ತತ್ತ್ವ. ಮುಗಿಯದ ತುಣುಕಿಗೆ ಅವರು ಅಂಕ ಕೊಡುವುದಿಲ್ಲ. ಆರ್ಜಿತ ಮೌಲ್ಯದ ವಿಧಾನದಲ್ಲಿಯೂ 'ಸೊನ್ನೆ ಅಥವಾ ನೂರು' ಎಂಬ ನಿಯಮವಿದೆ. ಅಂದರೆ ಒಂದು ಪುಟ್ಟ ಕೆಲಸವು ಮುಗಿಯುವವರೆಗೆ ಸೊನ್ನೆ, ಮುಗಿದ ಕ್ಷಣದಲ್ಲಿ ನೂರು. ಅರೆಬೆಂದ ಅಡಿಕೆಯ ನಿಯಮವು ಇದೇ ತಾನೆ! 'ನೂರಕ್ಕೆ ತೊಂಬತ್ತು ಮುಗಿದಿದೆ' ಎಂದು ತಿಂಗಳುಗಟ್ಟಲೆ ಹೇಳಿಕೊಂಡು ಬರುವ ರೋಗಕ್ಕೆ ಎರಡು ಪದ್ಧತಿಗಳೂ ಒಂದೇ ಮದ್ದನ್ನು ಕೊಡುತ್ತವೆ.

ಒಂದು ಲೆಕ್ಕ

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಒಂದೊಂದು ಶಾಖೆಯಿರುವ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದನ್ನು ಕಲ್ಪಿಸಿಕೊಳ್ಳಿ. ಅದು ತನ್ನ ಕೆಲಸಕ್ಕಾಗಿ ತಂತ್ರಾಂಶವನ್ನು ಮಾಡಿಸುತ್ತಿದೆ. ಅಂಗಗಳು ಮೂರು: ಅಡಿಕೆಯ ತೂಕ ಮತ್ತು ರಸೀದಿ, 60 ಅಂಕ, ಸದಸ್ಯರ ಖಾತೆ, 80 ಅಂಕ, ಸಾಲ ಮತ್ತು ವಸೂಲಿ, 60 ಅಂಕ, ಒಟ್ಟು 200 ಅಂಕ. ಎರಡು ವಾರಗಳಿಗೊಂದರಂತೆ 10 ಸುತ್ತುಗಳು. ಒಪ್ಪಿದ ವೆಚ್ಚ 20 ಲಕ್ಷ ರೂಪಾಯಿ. ಆದಕಾರಣ ಒಂದು ಅಂಕದ ಬೆಲೆ 10,000 ರೂಪಾಯಿ. ಒಂದು ಸುತ್ತಿಗೆ 20 ಅಂಕದಂತೆ ಮುಗಿಯತಕ್ಕದ್ದು.

ನಾಲ್ಕು ಸುತ್ತುಗಳು ಕಳೆದವು. ಮುಗಿದ ಅಂಕಗಳು ಕ್ರಮವಾಗಿ 18, 14, 13, 15, ಒಟ್ಟು 60. ಅಂದರೆ ತೂಕ ಮತ್ತು ರಸೀದಿಯ ಅಂಗವು ಸಂಪೂರ್ಣವಾಗಿ ಮುಗಿದು ಮೂರು ಶಾಖೆಗಳಲ್ಲಿಯೂ ನಡೆಯುತ್ತಿದೆ. ಸದಸ್ಯರ ಖಾತೆಯಲ್ಲಿ ಇನ್ನು 15 ಅಂಕಗಳು 'ಇನ್ನೇನು ಮುಗಿದಂತೆಯೇ' ಎಂಬ ಸ್ಥಿತಿಯಲ್ಲಿವೆ; ನಿಯಮದಂತೆ ಅವುಗಳಿಗೆ ಸೊನ್ನೆ. ಹೆಚ್ಚಿನ ಒಬ್ಬ ಕೆಲಸಗಾರನನ್ನು ಸೇರಿಸಿಕೊಂಡದ್ದರಿಂದ ಖರ್ಚು 9 ಲಕ್ಷವಾಗಿದೆ.

ಯೋಜಿತ ಮೌಲ್ಯ 8 ಲಕ್ಷ, ಆರ್ಜಿತ ಮೌಲ್ಯ 6 ಲಕ್ಷ, ನೈಜ ವೆಚ್ಚ 9 ಲಕ್ಷ. ವೆಚ್ಚದ ಸೂಚ್ಯಂಕವು 6 ÷ 9, ಅಂದರೆ 0.67, ಕಾಲದ ಸೂಚ್ಯಂಕವು 6 ÷ 8, ಅಂದರೆ 0.75. ಇದೇ ಗತಿಯಲ್ಲಿ ನಡೆದರೆ ಒಟ್ಟು ವೆಚ್ಚ 30 ಲಕ್ಷ, ಕಾಲವು 13.3 ಸುತ್ತು, ಎಂದರೆ 14 ಸುತ್ತುಗಳು. ಸರಾಸರಿ 15 ಅಂಕದ ವೇಗದಲ್ಲಿ 200 ಅಂಕಗಳನ್ನು ಕ್ರಮಿಸಲು ಬೇಕಾಗುವ ಕಾಲವೂ ಇಷ್ಟೇ ಎಂಬುದನ್ನು ಭಾಗಾಕಾರ ಮಾಡಿ ತಾಳೆ ನೋಡಿಕೊಳ್ಳಿ. ಚುರುಕು ಪದ್ಧತಿಯವರು ವೇಗವೆಂದು ಯಾವುದನ್ನು ಕರೆಯುತ್ತಾರೋ, ಅದೂ ಕಾಲದ ಸೂಚ್ಯಂಕವೂ ಒಂದೇ ಸಂಗತಿಯ ಎರಡು ಮುಖಗಳು.

ಎಂಟು ವಾರಗಳಲ್ಲಿಯೇ ಈ ಎಚ್ಚರಿಕೆ ದೊರೆತದ್ದು ಎಷ್ಟು ದೊಡ್ಡ ಲಾಭ! 'ಕಾಲ ನೂರಕ್ಕೆ 40 ಆಗಿದೆ, ಹಣ ನೂರಕ್ಕೆ 45 ಆಗಿದೆ' ಎಂಬ ವರದಿಯನ್ನು ಮಾತ್ರ ಓದಿದ್ದರೆ ಸಂಘದ ನಿರ್ದೇಶಕರು ನೆಮ್ಮದಿಯಿಂದ ಮಲಗುತ್ತಿದ್ದರು.

ಬೇಡಿಕೆ ಬದಲಾದಾಗ

ಈಗ ಕಠಿಣವಾದ ಭಾಗಕ್ಕೆ ಬರೋಣ. ನಾಲ್ಕನೆಯ ಸುತ್ತಿನ ಕೊನೆಯಲ್ಲಿ ಶೃಂಗೇರಿಯ ಶಾಖೆಯವರು, ದಿನದ ಧಾರಣೆಯು ಸದಸ್ಯರ ಮೊಬೈಲಿಗೆ ಹೋಗಬೇಕೆಂದು ಕೇಳುತ್ತಾರೆ. ಅದರ ಗಾತ್ರ 20 ಅಂಕ. ಸಾಲದ ಅಂಗದೊಳಗಿನ 20 ಅಂಕಗಳ ಅಷ್ಟೇನೂ ಅಗತ್ಯವಿಲ್ಲದ ಪಟ್ಟಿಗಳನ್ನು ಬಿಟ್ಟು ಇದನ್ನು ಸೇರಿಸಿದರೆ ಒಟ್ಟು ಗಾತ್ರವು 200 ಆಗಿಯೇ ಉಳಿಯುತ್ತದೆ. ಆ ಬದಲಾವಣೆಯನ್ನು ಬರೆದಿಟ್ಟರೆ ಸಾಕು, ಆಧಾರ ರೇಖೆಯ ಮೊತ್ತ ಅಲುಗುವುದಿಲ್ಲ. ಏನನ್ನೂ ಬಿಡದೆ ಸೇರಿಸಿದರೆ ಗಾತ್ರ 220 ಆಗುತ್ತದೆ. ಆಗ 2 ಲಕ್ಷ ರೂಪಾಯಿಗಳನ್ನು ಹೆಚ್ಚಾಗಿ ಒಪ್ಪಬೇಕು. ಹಣವನ್ನು ಒಪ್ಪದೆ ಕೆಲಸವನ್ನು ಮಾತ್ರ ಹೊರಿಸಿದರೆ, ಅದೇ 60 ಅಂಕಗಳು 220ರಲ್ಲಿ ನೂರಕ್ಕೆ 27 ಆಗಿ, ಆರ್ಜಿತ ಮೌಲ್ಯವು 6 ಲಕ್ಷದಿಂದ ಸುಮಾರು 5.45 ಲಕ್ಷಕ್ಕೆ ಇಳಿಯುತ್ತದೆ. ಕೆಲಸಗಾರರು ಯಾವ ತಪ್ಪನ್ನೂ ಮಾಡದೆ ಹಿಂದೆ ಬಿದ್ದವರಂತೆ ಕಾಣುತ್ತಾರೆ. ಬೇಡಿದವರು ಕೊಡಬೇಕಾದ ಬೆಲೆಯನ್ನು ದುಡಿದವರ ತಲೆಗೆ ಕಟ್ಟಿದಂತಾಯಿತು.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಇನ್ನೂ ಆಗದಿರುವ ಕೆಲಸದಲ್ಲಿ 50 ಅಂಕಗಳನ್ನು ಕೈಬಿಟ್ಟು, 20 ಲಕ್ಷದ ವೆಚ್ಚವನ್ನು ಹಾಗೆಯೇ ಉಳಿಸಿಕೊಂಡರೆಂದು ತಿಳಿಯಿರಿ. ಒಟ್ಟು 150ರಲ್ಲಿ 60 ಎಂದರೆ ನೂರಕ್ಕೆ 40. ಆರ್ಜಿತ ಮೌಲ್ಯವು ರಾತ್ರೋರಾತ್ರಿ 6ರಿಂದ 8 ಲಕ್ಷಕ್ಕೆ ಏರಿತು! ಒಂದು ಸಾಲನ್ನೂ ಹೊಸದಾಗಿ ಬರೆಯದೆ, ಕಾಲದ ಸೂಚ್ಯಂಕವು 1 ಆಯಿತು. ವೆಚ್ಚದ ಸೂಚ್ಯಂಕವು 8 ÷ 9, ಅಂದರೆ 0.89ಕ್ಕೆ ಏರಿತು.

ಪ್ರಾಮಾಣಿಕವಾದ ದಾರಿ ಯಾವುದು? ಕೆಲಸವನ್ನು ಬಿಟ್ಟಾಗ ಅದರ ಹಣವನ್ನೂ ಆಧಾರ ರೇಖೆಯಿಂದ ತೆಗೆಯಬೇಕು. 50 ಅಂಕಗಳೊಂದಿಗೆ 5 ಲಕ್ಷವೂ ಹೋಗಿ ಉಳಿದ ವೆಚ್ಚ 15 ಲಕ್ಷವಾಗುತ್ತದೆ. ಯೋಜಿತ ಮೌಲ್ಯ 6 ಲಕ್ಷ, ಆರ್ಜಿತ ಮೌಲ್ಯ 6 ಲಕ್ಷ, ನೈಜ ವೆಚ್ಚ 9 ಲಕ್ಷ. ಕಾಲದ ಸೂಚ್ಯಂಕ 1 ಆದುದು ನಿಜವೇ. ಸುತ್ತಿಗೆ 15 ಅಂಕದಂತೆ 10 ಸುತ್ತಿನಲ್ಲಿ 150 ಅಂಕಗಳು ಮುಗಿಯುತ್ತವೆ. ಕೆಲಸವನ್ನು ಮೊಟಕು ಮಾಡಿ ಕಾಲಕ್ಕೆ ಸರಿಯಾಗಿ ಮುಗಿಸುವುದು ಚುರುಕು ಪದ್ಧತಿಯಲ್ಲಿ ನ್ಯಾಯವಾದ ಉಪಾಯವೇ ಸರಿ. ಆದರೆ ವೆಚ್ಚದ ಸೂಚ್ಯಂಕವು 6 ÷ 9 ಆಗಿಯೇ, 0.67 ಆಗಿಯೇ ಉಳಿಯಿತು. 15 ಲಕ್ಷದ ಕೆಲಸಕ್ಕೆ ಒಟ್ಟು 22.5 ಲಕ್ಷ ಖರ್ಚಾಗುವುದೆಂಬ ಸತ್ಯವನ್ನು ಮರೆಮಾಚಲಾಗಲಿಲ್ಲ. ಒಳ್ಳೆಯ ಅಳತೆಯ ಲಕ್ಷಣವಿದು: ಸರಿಪಡಿಸಲ್ಪಟ್ಟುದನ್ನು ಸರಿಯಾಯಿತೆಂದು ತೋರಿಸುತ್ತದೆ, ಸರಿಪಡಿಸದಿರುವುದನ್ನು ಬಚ್ಚಿಡಲು ಬಿಡುವುದಿಲ್ಲ.

'ಭೂಮಿ'ಯ ನಿದರ್ಶನ

ಕಲ್ಪನೆಯ ಸಂಘವನ್ನು ಬಿಟ್ಟು ನಮ್ಮ ನಾಡಿನಲ್ಲಿ ನಿಜವಾಗಿ ನಡೆದ ಒಂದು ಕಾರ್ಯವನ್ನು ಇದೇ ದೃಷ್ಟಿಯಿಂದ ನೋಡೋಣ. ರೈತನ ಜಮೀನು ಯಾರ ಹೆಸರಿನಲ್ಲಿದೆ, ವಿಸ್ತೀರ್ಣವೆಷ್ಟು, ಬೆಳೆ ಯಾವುದು, ಸಾಲವೆಷ್ಟು ಎಂಬುದನ್ನು ಹೇಳುವ ಪತ್ರವೇ ಪಹಣಿ. ಹಿಂದೆ ಇದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ರಾಜ್ಯದಲ್ಲಿ ಇಂಥ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಒಂದು ಪ್ರತಿಗಾಗಿ ರೈತನು ಅಲೆಯಬೇಕಾಗುತ್ತಿತ್ತು. ಕೈ ಬಿಸಿ ಮಾಡಬೇಕಾದ ಪ್ರಸಂಗಗಳೂ ಒದಗುತ್ತಿದ್ದವು.

1990ರ ದಶಕದ ಮೊದಲಲ್ಲಿ ಗುಲ್ಬರ್ಗಾ, ಇಂದಿನ ಕಲಬುರಗಿ, ಜಿಲ್ಲೆಯಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುವ ಪ್ರಯೋಗ ನಡೆಯಿತು. ಆದರೆ ಆ ಕಾಲದ ಯತ್ನಗಳಲ್ಲಿ ದಾಖಲೆಗಳನ್ನು ಒಮ್ಮೆ ಟೈಪು ಮಾಡಿ ತುಂಬುವುದರ ಕಡೆಗೆ ಇದ್ದ ಗಮನವು, ಜಮೀನು ಕೈಬದಲಾದಾಗಲೆಲ್ಲ ಅದನ್ನು ತಿದ್ದುವ ಏರ್ಪಾಡಿನ ಕಡೆಗೆ ಇರಲಿಲ್ಲ. ಕೈಬರಹದ ಪುಸ್ತಕವು ಎಂದಿನಂತೆ ಬದಲಾಗುತ್ತ ಹೋಯಿತು. ಯಂತ್ರದೊಳಗಿನ ದಾಖಲೆ ಹಳತಾಗುತ್ತ ಬಂದಿತು. ಇಲ್ಲಿ ನಮ್ಮ ಪ್ರಶ್ನೆಯನ್ನು ಕೇಳೋಣ: ಆರ್ಜಿತ ಮೌಲ್ಯವೆಷ್ಟು? ಟೈಪು ಮಾಡಿದ ಸಾಲುಗಳನ್ನೆಣಿಸಿದರೆ ಅದು ಬಹಳವೆನ್ನಿಸೀತು. ರೈತನ ಕೈಗೆ ಬಂದ, ಇಂದಿಗೆ ಸರಿಯಾದ ಪಹಣಿಗಳನ್ನೆಣಿಸಿದರೆ ಉತ್ತರವು ಬೇರೆಯಾಗುತ್ತದೆ. 'ಮುಗಿಯಿತು' ಎಂಬ ಪದಕ್ಕೆ ನಾವು ಕೊಡುವ ಅರ್ಥದ ಮೇಲೆ ಇಡೀ ಲೆಕ್ಕವು ನಿಂತಿದೆ.

ಆಮೇಲೆ ಬಂದದ್ದು 'ಭೂಮಿ' ಯೋಜನೆ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರು ಇದರ ಮುಂದಾಳಾಗಿದ್ದರು. ತಂತ್ರಾಂಶವನ್ನು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಸಿದ್ಧಗೊಳಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಇದರ ವ್ಯಾಪ್ತಿಗೆ ಬಂದವು. ಒಂದೇ ದಿನ ರಾಜ್ಯದಲ್ಲೆಲ್ಲ ಇದನ್ನು ತೆರೆಯಲಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮೊದಲು ನಡೆಸಿ ನೋಡಿದರು. ಬಳಿಕ ಆಗಿನ 27 ಜಿಲ್ಲೆಗಳಲ್ಲಿ ಜಿಲ್ಲೆಗೊಂದು ತಾಲ್ಲೂಕಿನಂತೆ ವಿಸ್ತರಿಸಿದರು. ತರುವಾಯ ಉಳಿದ ತಾಲ್ಲೂಕುಗಳು ಬಂದು ಒಟ್ಟು 177 ಆದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತಾಲ್ಲೂಕು ಕಚೇರಿಗಳಲ್ಲಿಯೂ ಗವಾಕ್ಷಿಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿಯು ಸಿಗುತ್ತಿತ್ತು. ಹೆಸರಿನ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳುವ ಕಟ್ಟು ತಂತ್ರಾಂಶದಲ್ಲಿಯೇ ಇತ್ತು. ಅದನ್ನು ತೆರೆಯುವ ನೌಕರನು ಬೆರಳಿನ ಗುರುತನ್ನು ಕೊಡಬೇಕಾಗಿತ್ತು. ಒಂದು ತಾಲ್ಲೂಕಿನಲ್ಲಿ ಗಣಕೀಕರಣ ಮುಗಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯನ್ನು ತೆಗೆದುಹಾಕಿದರು.

ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಿ. 'ಸೊನ್ನೆ ಅಥವಾ ನೂರು' ಎಂಬ ನಿಯಮಕ್ಕೆ ಇದಕ್ಕಿಂತ ದೃಢವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಹಳೆಯ ಪುಸ್ತಕವು ಜೀವಂತವಾಗಿರುವವರೆಗೆ ಹೊಸದು ಮುಗಿದಿಲ್ಲ. ಭೂಮಿಯು ಮದ್ದೂರಿನಲ್ಲಿ ಆರಂಭವಾದಾಗ ಸ್ನೋಬರ್ಡಿನ ಘೋಷಣೆಯೇ ಹೊರಟಿರಲಿಲ್ಲ. ಆದರೂ ಚಿಕ್ಕದಾಗಿ ಆರಂಭಿಸಿ, ಬಳಸಿ ನೋಡಿ, ತಿದ್ದಿ, ವಿಸ್ತರಿಸುವ ವಿವೇಕವು ಅದರಲ್ಲಿ ಕಾಣುತ್ತದೆ. ಆಧಾರ ರೇಖೆಯ ಎಣಿಕೆಯೂ ಇಲ್ಲಿ ಸ್ಪಷ್ಟವಾಗಿದೆ: 177ರಲ್ಲಿ ಎಷ್ಟು ತಾಲ್ಲೂಕುಗಳಲ್ಲಿ ಗವಾಕ್ಷಿ ತೆರೆದು ಹಳೆಯ ಪುಸ್ತಕ ಮುಚ್ಚಿತು? ಮುಂದಿನ ವರ್ಷಗಳಲ್ಲಿ ಭೂಮಾಪನದ 'ಮೋಜಿಣಿ', ನೋಂದಣಿಯ 'ಕಾವೇರಿ' ತಂತ್ರಾಂಶಗಳು ಇದರೊಂದಿಗೆ ಜೋಡಣೆಯಾದವು. ತಂತ್ರಾಂಶವು ಕಟ್ಟಿ ಮುಗಿಸುವ ಕಟ್ಟಡವಲ್ಲ, ತೋಟದಂತೆ ನಿತ್ಯವೂ ನೋಡಿಕೊಳ್ಳಬೇಕಾದದ್ದು ಎಂಬುದಕ್ಕೆ ಇದು ಸಾಕ್ಷಿ.

ಅಳತೆಯ ಮಿತಿಗಳು

ಯಾವ ಅಳತೆಗೋಲಿಗೂ ತನ್ನದೇ ಆದ ದೋಷಗಳಿರುತ್ತವೆ, ಇದಕ್ಕೂ ಇವೆ.

ಮೊದಲನೆಯದು ಮಾನದ ಪ್ರಶ್ನೆ. ಮೀಟರು, ಕಿಲೋಗ್ರಾಮುಗಳಂತೆ ಅಂಕಗಳಿಗೆ ಲೋಕದಲ್ಲೆಲ್ಲ ಒಪ್ಪಿದ ಮಾನವಿಲ್ಲ. ಒಂದು ತಂಡದ 5 ಅಂಕ ಇನ್ನೊಂದರ 8 ಆಗಿರಬಹುದು. ಸೂಚ್ಯಂಕಗಳು ಅನುಪಾತಗಳಾದ್ದರಿಂದ ಒಂದೇ ತಂಡದೊಳಗೆ ಈ ದೋಷವು ಮಾಯವಾಗುತ್ತದೆ. ಎರಡು ತಂಡಗಳ ಅಂಕಗಳನ್ನು ನೇರವಾಗಿ ಕೂಡಿಸುವುದು ಮಾತ್ರ ಅಡಿಯನ್ನೂ ಮೊಳವನ್ನೂ ಕೂಡಿಸಿದಂತಾಗುತ್ತದೆ.

ಎರಡನೆಯದು, ಅಂಕಗಳ ಉಬ್ಬರ. ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಬಹುಮಾನವೆಂದು ಸಾರಿದರೆ, ನಿನ್ನೆ 3 ಅಂಕ ಪಡೆದ ತುಣುಕು ನಾಳೆ 5 ಅಂಕದ್ದಾಗುತ್ತದೆ. ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯುವುದಿಲ್ಲ.

ಮೂರನೆಯದು ಗಣಿತದೊಳಗೇ ಅಡಗಿರುವ ದೋಷ. ಅಡಿಕೆಯ ಲೆಕ್ಕಕ್ಕೆ ಹಿಂದಿರುಗಿ. ಕೊಯ್ಲು 25ನೆಯ ದಿನ ಮುಗಿಯಿತು. ಆ ದಿನ ಆರ್ಜಿತ ಮೌಲ್ಯ 1,00,000. ಯೋಜಿತ ಮೌಲ್ಯವೂ 1,00,000. ಕಾಲದ ಸೂಚ್ಯಂಕ 1! ಐದು ದಿನ ತಡವಾದರೂ ಲೆಕ್ಕವು ತಡವಿಲ್ಲವೆನ್ನುತ್ತದೆ. ಕಾಲವನ್ನು ರೂಪಾಯಿಗಳಲ್ಲಿ ಅಳೆದುದರ ಫಲವಿದು. 2003ರಲ್ಲಿ ವಾಲ್ಟ್ ಲಿಪ್ಕೆ ಎಂಬುವರು ಇದಕ್ಕೆ ಪರಿಹಾರವನ್ನು ಸೂಚಿಸಿದರು. ಇಂದು ಗಳಿಸಿರುವಷ್ಟು ಮೌಲ್ಯವನ್ನು ಯೋಜನೆಯ ಪ್ರಕಾರ ಯಾವ ದಿನ ಗಳಿಸಬೇಕಾಗಿತ್ತು ಎಂದು ಕೇಳಬೇಕು. 25ನೆಯ ದಿನದ ಗಳಿಕೆಯು 20ನೆಯ ದಿನಕ್ಕೆ ಬರಬೇಕಾಗಿತ್ತು. 20 ÷ 25, ಅಂದರೆ 0.8. ನಿಜವು ಹೊರಬಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಆರ್ಜಿತ ಮೌಲ್ಯವು ಕೆಲಸ ಎಷ್ಟಾಯಿತೆಂದು ಹೇಳುತ್ತದೆಯೇ ಹೊರತು ಆ ಕೆಲಸ ಬೇಕಾಗಿತ್ತೇ ಎಂದು ಹೇಳುವುದಿಲ್ಲ. ಯಾರೂ ನಡೆಯದ ಕಡೆಗೆ ಸೇತುವೆಯನ್ನು ಕಟ್ಟಿದರೂ ಎರಡು ಸೂಚ್ಯಂಕಗಳು 1 ಆಗಿರಬಹುದು. ಈ ಕುರುಡನ್ನು ನೀಗುವುದು ಚುರುಕು ಪದ್ಧತಿಯ ಭಾಗ. ಸುತ್ತು ಸುತ್ತಿಗೂ ಬಳಕೆದಾರನನ್ನು ಕರೆದು ಕೇಳುವುದು ಈ ಕಾರಣಕ್ಕಾಗಿಯೇ. ಒಂದು ಪದ್ಧತಿ ದೂರವನ್ನು ಅಳೆಯುತ್ತದೆ, ಇನ್ನೊಂದು ದಿಕ್ಕನ್ನು ಕೇಳುತ್ತದೆ. ದೂರ, ದಿಕ್ಕುಗಳೆರಡೂ ಕೂಡಿದರೆ ತಾನೆ ಸ್ಥಾನಾಂತರವಾಗುವುದು!

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಇಂತಹ ಒಂದು ತಂಡದಲ್ಲಿ ಕೂರುವವರೇ ಆಗಿದ್ದಾರೆ. ಸುತ್ತಿನ ಕೊನೆಯ ಸಂಜೆ, ಪರೀಕ್ಷೆ ಮುಗಿಯದ ಒಂದು ತುಣುಕಿನ ಎದುರಿಗೆ 'ಮುಗಿಯಿತು' ಎಂದು ಗುರುತು ಹಾಕುವ ಅವಕಾಶವು ಅವರ ಬೆರಳ ತುದಿಯಲ್ಲಿರುತ್ತದೆ. ಒಂದು ಚಿಕ್ಕ ಗುರುತು. ಯಾರ ಕಣ್ಣಿಗೂ ಬೀಳದು. ಆದರೆ ಅದರ ಮೇಲೆ ಒಂದು ಸೂಚ್ಯಂಕ, ಸೂಚ್ಯಂಕದ ಮೇಲೆ ಒಂದು ವರದಿ, ವರದಿಯ ಮೇಲೆ ಹಣದ ಮಂಜೂರಾತಿ ನಿಲ್ಲುತ್ತವೆ. ಎಲ್ಲಕ್ಕೂ ಕೊನೆಯಲ್ಲಿ, ಮಳೆಯಲ್ಲಿ ಬಸ್ಸು ಹಿಡಿದು ತಾಲ್ಲೂಕು ಕಚೇರಿಗೆ ಬಂದ ಒಬ್ಬ ರೈತನು ಗವಾಕ್ಷಿಯ ಮುಂದೆ ನಿಂತಿರುತ್ತಾನೆ. ಅವನ ಕೈಗೆ ಸರಿಯಾದ ಕಾಗದ ಬಂದರೆ ಕೆಲಸವಾಯಿತು; ಬಾರದಿದ್ದರೆ, ಎಷ್ಟು ಬೆವರಿದ್ದರೂ, ಬಂಡೆಯು ಇದ್ದಲ್ಲಿಯೇ ಇದೆ.